ಮೇಷ್ಟ್ರ ಕೀಬೋರ್ಡ್ ಕೆಟ್ಟಾಗ...

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ. ಸಾಧ್ಯವಾದರೆ ಮನೆಯವರ ಪಕ್ಕದಲ್ಲೇ ಕೂತು ಓದಿ...

ನಂಜನಗೂಡಿನ ಶಿವನಂಜಪ್ಪ ರಿಟೈರ್ಡ್ ಪಿ.ಟಿ. ಮೇಷ್ಟ್ರು. ಅವರು ಒಮ್ಮೆ ಗದರಿದರೆ ಇಡೀ ಮೈದಾನ ಗಪ್‌ಚಿಪ್.

ಮನೆಯಲ್ಲೂ ಅದೇ ಗಂಟಲು... ಹೆಂಡತಿ ದಾಕ್ಷಾಯಿಣಿಯ ಮೇಲೆ.

ಕೊನೆಗೆ ಆ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಕೈನಡುಕದಿಂದ ಪೆನ್ನು ಹಿಡಿಯಲಾಗದು. ಮೊಬೈಲಿನ ಸಣ್ಣ ಅಕ್ಷರಗಳು ಬೆರಳಿಗೆ ಸಿಗವು.

ಆಗ ಅವರ ಹಳೆಯ ಶಿಷ್ಯ, ಕಂಪ್ಯೂಟರ್ ಅಂಗಡಿಯ ಫಯಾಜ್, ಹಳೇ ಕಂಪ್ಯೂಟರೊಂದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ದಪ್ಪಕ್ಷರದ ವೈರ್‌ಲೆಸ್ ಕೀಬೋರ್ಡ್ ತಂದುಕೊಟ್ಟ. ಮೇಷ್ಟ್ರು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತಿತ್ತು.

ಮೊದಲ ದಿನ ಅದು ಹೇಳಿದ್ದೇನು ಗೊತ್ತೇ?

"ಕಾಫಿ ತಣ್ಣಗಿದೆ. ಬುದ್ಧಿ ಇಲ್ಲವಾ ನಿನಗೆ?"

ಮಾರನೆಯ ದಿನ... "ಈ ಸಾರನ್ನು ನಾಯಿಯೂ ಮೂಸುವುದಿಲ್ಲ."

ಹೀಗೇ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಕೀಬೋರ್ಡ್ ನಿಂತುಹೋಯಿತು. ಮೇಷ್ಟ್ರು ಕೀಲಿಗಳನ್ನು ಕುಟ್ಟಿದರು, ಮೇಜು ಗುದ್ದಿದರು... ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

ಫಯಾಜ್ ಮದುವೆಗೆಂದು ಪರವೂರಿಗೆ ಹೋಗಿದ್ದ. ಅವನು ಬರುವವರೆಗೆ ಮೇಷ್ಟ್ರು ಒಳಗೊಳಗೇ ಕುದಿಯುತ್ತಾ ಕೂತರು.

ಅಡುಗೆಮನೆಯಿಂದ ಹಾಡು ಗುನುಗುವುದು ಕೇಳಿಸಿತು. ದಾಕ್ಷಾಯಿಣಿ ಹಾಡುತ್ತಾಳೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಪಾಪ, ನನ್ನ ಕಷ್ಟ ನೋಡಲಾರದೆ ದೇವರನ್ನು ನೆನೆಯುತ್ತಿದ್ದಾಳೆ ಅಂದುಕೊಂಡರು!

ಊರಿಗೆ ಬಂದವನೇ ಫಯಾಜ್ ಮನೆಗೆ ಬಂದ. ಬ್ಯಾಟರಿ ಬದಲಿಸಿದ, ರೀಸ್ಟಾರ್ಟ್ ಮಾಡಿದ. ಜಪ್ಪಯ್ಯ ಅನ್ನಲಿಲ್ಲ. ತಾನು ತಂದಿದ್ದ ವೈರಿನ ಕೀಬೋರ್ಡ್ ಚುಚ್ಚಿ ಏನೇನೋ ಕಮಾಂಡ್ ಕೊಟ್ಟು ನೋಡಿದ.

"ಲಿನಕ್ಸ್‌ದೇನೂ ತಪ್ಪಿಲ್ಲ ಸಾರ್. ಇದ್ರ ರಿಸೀವರ್ರೇ ಕಂಪ್ಯೂಟರ್‌ಗೆ ಕಾಣಿಸ್ತಿಲ್ಲ..." ಎನ್ನುತ್ತಾ ಕಂಪ್ಯೂಟರಿನ ಹಿಂದೆ ಕೈಯಾಡಿಸಿದ. ಕೀಬೋರ್ಡಿನ ಸಂಕೇತ ಹಿಡಿಯುವ, ಉಗುರಿನಷ್ಟು ಗಾತ್ರದ ಆ ರಿಸೀವರ್ ಇದ್ದ ಜಾಗ ಖಾಲಿ.

ದಾಕ್ಷಾಯಿಣಿ ಸೆರಗಿನ ಗಂಟು ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟರು.

"ಕೆಟ್ಟಿಲ್ಲ ಕಣಪ್ಪ. ನಾನೇ ಕಿತ್ತಿಟ್ಕೊಂಡಿದ್ದೆ."

ಮೇಷ್ಟ್ರು ದಂಗಾದರು.

"ಇವ್ರ ದನಿ ಹೋಯ್ತು ಅಂತ ಡಾಕ್ಟ್ರು ಹೇಳಿದಾಗ ಎಲ್ರೂ ಅತ್ರು. ನಂಗೆ ಮಾತ್ರ ಒಳಗೇ ಸಮಾಧಾನ ಆಯ್ತು. ಆ ಪಾಪಕ್ಕೆ ದೇವ್ರ ಮುಂದೆ ತಪ್ಪುಕಾಣಿಕೇನೂ ಹಾಕ್ದೆ... ಆಮೇಲೆ ನೀನು ಇದನ್ನ ತಂದ್ಕೊಟ್ಟೆ."

ಫಯಾಜ್ ತಲೆಯೆತ್ತಲಿಲ್ಲ. ರಿಸೀವರ್ ಚುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮೇಷ್ಟ್ರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.

"ದಾಕ್ಷಾಯಿಣಿ. ನನ್ನನ್ನು ಕ್ಷಮಿಸು," ಎಂದಿತು ಕಂಪ್ಯೂಟರ್.

ಅಡುಗೆಮನೆಯ ಬಾಗಿಲಲ್ಲಿ ದಾಕ್ಷಾಯಿಣಿ ನಿಂತರು.

"ಕೇಳಿಸ್ತು ರೀ... ಆದ್ರೆ ಸಾರು ನಾಯಿಯೂ ಮೂಸಲ್ಲ ಅಂದಿದ್ದೂ ಇದೇ ದನೀಲಿ, ಈಗ ಕ್ಷಮಿಸು ಅಂದಿದ್ದೂ ಇದೇ ದನೀಲಿ. ನಿಮ್ಮ ಗಂಟಲು ನಿಮ್ಮದಾಗಿದ್ದಾಗ ಒಂದ್ಸಲ ಹೇಳಿದ್ರೆ ಸಾಕಿತ್ತು."

ಅಷ್ಟೇ... ಒಳಗೆ ಹೋದರು. ಪಾತ್ರೆಗಳ ಸದ್ದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ. ಹಾಡು ನಿಂತುಹೋಗಿತ್ತು.

ಮೇಷ್ಟ್ರು ಕಷ್ಟಪಟ್ಟು ಬಗ್ಗಿ ರಿಸೀವರ್ ಕಿತ್ತರು. ಗೋಡೆ ಹಿಡಿದುಕೊಂಡು ನಡೆದು, ಅದನ್ನು ಒಲೆಯ ಪಕ್ಕದಲ್ಲಿಟ್ಟು ಬಂದರು. ದಾಕ್ಷಾಯಿಣಿ ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹಾಡು ಮತ್ತೆ ಶುರುವಾಯಿತು...

ಮೇಷ್ಟ್ರು ಕುರ್ಚಿಯಲ್ಲಿ ಕೂತು ಅತ್ತರು. ಅಳುವುದಕ್ಕೂ ಅವರಿಗೆ ದನಿ ಇರಲಿಲ್ಲ.

*ನಿಮ್ಮ ಮೌನವೇ ಮನೆಯವರಿಗೆ ಹಬ್ಬವಾಗುವ ಹಾಗೆ ಮಾತಾಡಬೇಡಿ.*

ನಾಳೆ ನಿಮ್ಮ ದನಿ ನಿಂತುಹೋದರೆ, ನಿಮ್ಮ ಮನೆಯಲ್ಲಿ ಯಾರು ಅಳುತ್ತಾರೆ... ಯಾರು ಹಾಡುತ್ತಾರೆ?