ಕರೆ ಕತ್ತರಿಸುವ ಗುಂಡಿ

“ಪಕ್ಕದ ದೇಶದ ಸರ್ವಾಧಿಕಾರಿಯನ್ನ ಬೈದು ಓಟು ಕೇಳಿದ ನಮ್ಮ ಪಕ್ಷವೇ ಇವತ್ತು ಅವನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದೆ. ನಮ್ಮ ಹಿರಿಯರು ಇದನ್ನ ದ್ರೋಹ ಅಂತಿದ್ರು, ನಾನೂ ಅಂತೀನಿ,” ಎಂದು ರೇಡಿಯೋದ ವಿಶ್ಲೇಷಕರು ಮೈಕಿನಲ್ಲಿ ಹೇಳಿಯೇಬಿಟ್ಟರು.

“ಭೇಷ್ ಅಣ್ಣಾ!” ಎಂದು ದಿನವೂ ಮುಗಿಬೀಳುತ್ತಿದ್ದ ಪಕ್ಷದವರ ಒಂದು ಫೋನೂ ಬರಲಿಲ್ಲ. ಗಾಜಿನಾಚೆ ನಿರ್ಮಾಪಕಿ ತಲೆ ತಗ್ಗಿಸಿ ಕೂತಳು.

ಕೊನೆಗೆ ಫೋನಿನ ಒಂದು ದೀಪ ಮಿನುಗಿತು, ಪರದೆಯ ಮೇಲೆ ಪರಿಚಿತ ನಂಬರು. ದಿನಾ ಹಂಗಿಸುವ, ಎದುರು ಪಕ್ಷದ ನಿವೃತ್ತ ಟೀಚರಮ್ಮ. ಆಕೆ ಬಾಯಿ ತೆರೆದೊಡನೆ ಕರೆ ಕತ್ತರಿಸುವುದು ವಿಶ್ಲೇಷಕರ ರೂಢಿ. ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಯಿತು.

“ಏನಪ್ಪಾ, ನಿಮ್ಮೋರ ಬಾಯಿಗೆಲ್ಲ ಬೀಗ ಬಿತ್ತಾ?”

“ನೀವಾದ್ರೂ ಒಪ್ತೀರಾ, ಅಮ್ಮಾ?”

“ಒಂದಕ್ಷರಾನೂ ಒಪ್ಪಲ್ಲ. ಯುದ್ಧಕ್ಕಿಂತ ಒಪ್ಪಂದವೇ ವಾಸಿ. ನೀನು ಹೇಳು, ಕೇಳ್ತೀನಿ.”

ಅವರು ಗುಂಡಿಯಿಂದ ಬೆರಳು ತೆಗೆದರು.