ಗ್ರೂಪಿಗೆ ಬಂದ ಮೆಸೇಜ್

ನನ್ನ ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ, ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದೆ. ಸ್ವಲ್ಪ ಹೊತ್ತಿಗೆ ಇವರ ಸಹೋದ್ಯೋಗಿ ಬಂದ.

"ನೀವು ಬಾಗಿಲು ತೆಗೆದಿದ್ದು ನಮ್ಮ ಆಫೀಸ್ ಗ್ರೂಪಿಗೆ ಬಂತು, ಅತ್ತಿಗೆ. ಎದ್ದಿದ್ದೀರಿ ಅಂತ ಬಂದೆ. ಅದನ್ನ ಆಫ್ ಮಾಡಿಕೊಡ್ಲಾ?"

ಬಾಗಿಲು, ದೀಪ, ವಾಷಿಂಗ್ ಮೆಷಿನ್, ಹೊಗೆ ಬಂದರೆ ಕೂಗುವ ಸೈರನ್ ಎಲ್ಲಕ್ಕೂ ಸೆನ್ಸರ್ ಹಾಕಿ, ಅವುಗಳ ಸಂದೇಶ ಆಫೀಸಿನ ಗ್ರೂಪಿಗೆ ಹೋಗುವಂತೆ ಇವರು ಮಾಡಿಟ್ಟಿದ್ದರು. ಬಟ್ಟೆ ಒಗೆದು ಮುಗಿದರೂ ಅಲ್ಲಿ ಯಾರಾದರೂ ನಗುವ ಮುಖ ಹಾಕುತ್ತಿದ್ದರು.

"ಅವತ್ತು ಚಾರ್ಜಿಗಿಟ್ಟ ಸ್ಕೂಟರ್ ಬ್ಯಾಟರಿ ಹೊತ್ತಿ ಮನೆಯೆಲ್ಲ ಹೊಗೆ ತುಂಬಿದಾಗಲೂ ಮೆಸೇಜ್ ಬಂದಿತ್ತಾ?"

ಆತ ತಲೆ ತಗ್ಗಿಸಿದ. "ಬಂದಿತ್ತು. ನಾನೇ ಮೊದಲು ನೋಡಿದ್ದು. 'ಏನ್ ಗುರು, ಒಗ್ಗರಣೆ ಸೀದೋಯ್ತಾ?' ಅಂತ ಬರೆದು ಸುಮ್ಮನಾದೆ."

"ಫೋನ್ ಮಾಡಲಿಲ್ಲ."

"ಅವನು ರಜೆ ಹಾಕಿ ಮನೇಲೇ ಮಲಗಿದ್ನಲ್ಲ ಅತ್ತಿಗೆ! ತಲೆ ಮೇಲೇ ಸೈರನ್ ಕೂಗ್ತಿದ್ರೂ ಅವನಿಗೆ ಹೇಗೆ ಎಚ್ಚರ ಆಗ್ಲಿಲ್ಲ? ಅದೇ ಯೋಚನೆಯಲ್ಲಿ ನನಗೆ ಊಟ ಸೇರ್ತಿಲ್ಲ. ನಿಜ ಹೇಳಿ, ನನ್ನ ತಪ್ಪಾ?"

"ಅಲ್ಲ" ಎಂದೆ.

ಆತ ಕಣ್ಣೊರೆಸಿಕೊಂಡು ಮೊದಲ ಸಲ ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ, ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ತಂದು ಆತನ ಕೈಗಿಟ್ಟೆ.

"ಪಕ್ಕದ ಮನೆ ಡ್ರಿಲ್ಲಿಂಗ್ ಸದ್ದಿಗೆ ನಿದ್ದೆ ಬರ್ತಿಲ್ಲ ಅಂತ ನಿಮ್ಮಿಂದ ತಂದಿದ್ರು. ಅವತ್ತು ನಾನು ಕಾಲೇಜಿಂದ ಬಂದು ನೋಡಿದಾಗಲೂ ಅವರ ಕಿವಿ ಮೇಲೇ ಇತ್ತು."