ಶಾಲೆ ಬಿಟ್ಟ ಕಾರಣ

“ಹನ್ನೆರಡನೇ ಪ್ರಶ್ನೆ. ಶಾಲೆ ಬಿಟ್ಟ ಕಾರಣ?” ಪ್ರಣಮ್ಯಾ ಕೇಳಿದಳು. “ನಾಲ್ಕು ಆಪ್ಷನ್ ಇದೆ ದೊಡ್ಡಪ್ಪ. ಒಂದು, ಬಡತನ. ಎರಡು, ಓದಿನಲ್ಲಿ ಆಸಕ್ತಿ ಇಲ್ಲ. ಮೂರು, ಫೇಲ್. ನಾಲ್ಕು, ಇತರೆ.”

“ಎರಡು,” ಎಂದರು ಅವಳ ಅಪ್ಪ ಶ್ರೀಕಾಂತ್.

ಪ್ರಶ್ನೆ ಕೇಳಿದ್ದು ಅವರನ್ನಲ್ಲ. ಆದರೆ ವಿಮಾ ಕಚೇರಿಯಲ್ಲಿ ಮೂವತ್ತೈದು ವರ್ಷ ಬೇರೆಯವರ ಫಾರಂ ತುಂಬಿಸಿ ನಿವೃತ್ತರಾದ ಮನುಷ್ಯ. ಖಾಲಿ ಜಾಗ ಕಂಡರೆ ಸುಮ್ಮನಿರುವುದು ಅವರಿಂದಾಗದು. ಸಮಾಜಶಾಸ್ತ್ರ ಎಂ.ಎ. ಓದುತ್ತಿರುವ ಮಗಳ ಸಮೀಕ್ಷೆಗೆ ಶಾಲೆ ಅರ್ಧಕ್ಕೆ ಬಿಟ್ಟ ಮೂವತ್ತು ಜನ ಬೇಕಿತ್ತು, ಒಬ್ಬರು ಕಡಿಮೆ ಬಿದ್ದಿದ್ದರು. ಹಾಗಾಗಿ ಚೆನ್ನೈನ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನು ಹತ್ತಿಸಿ, ಪುರಸೈವಾಕ್ಕಂನ ಹೋಟೆಲೊಂದರಲ್ಲಿ ಅಡುಗೆ ಭಟ್ಟರಾಗಿರುವ ತಮ್ಮ ಅಣ್ಣ ತಿರುಮಲೇಶರ ಮುಂದೆ ಅವಳನ್ನು ತಂದು ಕೂರಿಸಿದ್ದರು. ಊಟ ಮುಗಿದಿತ್ತು, ಸಂಜೆಯ ತಿಂಡಿ ಶುರುವಾಗಿರಲಿಲ್ಲ. ಅಡುಗೆಮನೆಯವರಿಗೆ ಸಿಗುವ ಅರ್ಧ ಗಂಟೆ ಅದು.

“ಹಾಂ, ಎರಡೇ ಹಾಕು ಮಾರಾಯ್ತಿ,” ಎಂದರು ದೊಡ್ಡಪ್ಪ, ಪಂಚೆಯ ತುದಿಯಲ್ಲಿ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ.

ಪ್ರಣಮ್ಯಾ ಎರಡಕ್ಕೆ ಗುರುತು ಹಾಕಿದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ ಅದು: ದೊಡ್ಡಪ್ಪನಿಗೆ ಓದು ತಲೆಗೆ ಹತ್ತಲಿಲ್ಲ. ಚಿಕ್ಕವಳಿದ್ದಾಗ ಗಣಿತದಲ್ಲಿ ಅಂಕ ಕಡಿಮೆಯಾದರೆ ಸಾಕು, “ದೊಡ್ಡಪ್ಪನ ಹಾಗೆ ಆಗ್ಬೇಕಾ ನಿಂಗೆ?” ಎಂದು ಅಪ್ಪ ಗದರುತ್ತಿದ್ದರು. ಆ ದೊಡ್ಡಪ್ಪನನ್ನೇ ಅವಳು ಈಗ ಕೇಳಿದಳು, “ಕೊನೆಯ ಪರೀಕ್ಷೆಯಲ್ಲಿ ಬಂದ ಮಾರ್ಕ್ಸ್? ನೆನಪಿದ್ರೆ ಮಾತ್ರ.”

“ಏಳನೇ ಕ್ಲಾಸ್ ಪಬ್ಲಿಕ್. ಆರ್ನೂರಕ್ಕೆ ಐನೂರ ಮೂವತ್ತೆಂಟು.”

ಐವತ್ತು ವರ್ಷದ ಹಿಂದಿನ ಲೆಕ್ಕ; ಯೋಚಿಸಲು ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಪ್ರಣಮ್ಯಾಳ ಪೆನ್ನು ನಿಂತಿತು.

“ದೊಡ್ಡಪ್ಪ, ಇಂಟರೆಸ್ಟೇ ಇಲ್ಲದವರಿಗೆ ಇಷ್ಟು ಮಾರ್ಕ್ಸಾ?”

“ಪೇಪರ್ ಸುಲಭ ಇತ್ತು,” ಎಂದು ಅವರು ನಕ್ಕರು.

“ಏನಣ್ಣ ಇದು?” ಶ್ರೀಕಾಂತರ ದನಿ ಸಣ್ಣದಾಯಿತು. “ನಿನಗೆ ಓದು ಬೇಡ ಅಂತ ಅಮ್ಮನೇ ನನ್ನ ಹತ್ರ ಹೇಳಿದ್ದಲ್ವಾ?”

“ಹೇಳಿಸಿದ್ದು ನಾನೇ. ಅಣ್ಣ ಇಲ್ಲದೆ ನಾನೂ ಶಾಲೆಗೆ ಹೋಗುದಿಲ್ಲ ಅಂತ ನೀನು ಎರಡು ದಿನ ಊಟ ಬಿಟ್ಟು ಕೂತಿದ್ದೆ. ಮತ್ತೆಂತ ಮಾಡುದು?”

“ಅಪ್ಪಾ, ಕೊಂಜಂ ಸುಮ್ನಿರಿ,” ಎಂದಳು ಪ್ರಣಮ್ಯಾ. “ದೊಡ್ಡಪ್ಪ, ನಿಜ ಹೇಳಿ. ಆವತ್ತು ಏನಾಯ್ತು?”

“ಆಗುದೆಂತ? ರಜೆಯಲ್ಲಿ ಹೋಟೆಲಿನ ಧಣಿಗಳು ಊರಿಗೆ ಬಂದಿದ್ರು, ಒಬ್ಬ ಹುಡುಗ ಬೇಕಂತ. ಅಪ್ಪಯ್ಯ ನಮ್ಮಿಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿದ್ರು. ಧಣಿಗಳು ಇಬ್ಬರ ಮಣಿಕಟ್ಟೂ ಹಿಡಿದು ನೋಡಿದ್ರು. ಎಂತಕ್ಕೆ ಅಂತ ಇವನಿಗೆ ಗೊತ್ತಾಗ್ಲಿಲ್ಲ, ಸಣ್ಣವ. ಇವನದ್ದು ಕಡ್ಡಿ, ಮೇಲಿಂದ ಉಬ್ಬಸ ಬೇರೆ. ರುಬ್ಬುವ ಕಲ್ಲು ತಿರುಗಿಸ್ಲಿಕ್ಕೆ ಆಗ್ತದಾ? ನನ್ನನ್ನು ಕರ್ಕೊಂಡು ಹೋದ್ರು. ಮಾರ್ಕು ಯಾರೂ ಕೇಳ್ಲಿಲ್ಲ.”

ಒಳಗೆ ಯಾರೋ ಗ್ರೈಂಡರ್ ಚಾಲು ಮಾಡಿದರು. ದೊಡ್ಡಪ್ಪ ಏಳಲು ಹೊರಟರು.

ಪ್ರಣಮ್ಯಾಳಿಗೆ ಅಳು ಬಂದಿತ್ತು, ಜೊತೆಗೆ ಅಪ್ಪನ ಮೇಲೆ ಸಿಟ್ಟೂ ಬಂದಿತ್ತು. ಅದನ್ನೆಲ್ಲ ಹಾಕಲು ಫಾರಂನಲ್ಲಿ ಜಾಗವಿರಲಿಲ್ಲ. ಎರಡರ ಗುರುತನ್ನು ಹೊಡೆದು ಹಾಕಿ ಕೇಳಿದಳು, “ಹಾಗಾದ್ರೆ ಒಂದು ಹಾಕ್ಲಾ? ಬಡತನ?”

“ಬಡತನ ಇಬ್ಬರಿಗೂ ಒಂದೇ ಇತ್ತಲ್ಲ ಮಗಳೇ,” ಎಂದರು ದೊಡ್ಡಪ್ಪ. “ಅದೆಲ್ಲ ಎಂತಕ್ಕೆ ಈಗ? ಎರಡೇ ಇರ್ಲಿ. ನಾಳೆ ನಾಲ್ಕು ಜನ ಓದುವ ಕಾಗದ. ಇವನಿಗೆ ಬೇಜಾರಾಗ್ತದೆ.”

ಶ್ರೀಕಾಂತ್ ಮಗಳ ಕೈಯಿಂದ ಪೆನ್ನು ತೆಗೆದುಕೊಂಡರು. ಮೂವತ್ತೈದು ವರ್ಷ ಸಾವಿರಾರು ಫಾರಂಗಳ ಮೇಲೆ ಇಂಗ್ಲಿಷಿನಲ್ಲಿ ಓಡಿದ ಕೈ ಅದು. ನಾಲ್ಕನೆಯ ‘ಇತರೆ’ಯ ಎದುರಿಗಿದ್ದ ಗೆರೆಯ ಮೇಲೆ ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರ ಬರೆದರು:

‘ಅಣ್ಣನ ಕೈ ನನ್ನ ಕೈಗಿಂತ ದಪ್ಪವಿತ್ತು.’